ಪುಟದಿಂದ ಹೊರಗೆ ಬಂದು ಓದುವುದು

(ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ವಿಷಯ: ಅಂತರ್ಜಾಲದ ಮಾಹಿತಿಯನ್ನು ಎಷ್ಟು ನಂಬಬೇಕು ಎಂದು ತೂಗಿ ನೋಡುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವ ಬಗೆ.)

ಎಲ್ಲರಿಗೂ ನಮಸ್ಕಾರ. ನಮ್ಮೆಲ್ಲರ ಕೈಯಲ್ಲೂ ಇರುವ ಒಂದು ಪ್ರಶ್ನೆಪಟ್ಟಿಯಿಂದಲೇ ಶುರು ಮಾಡೋಣ. ಬರೆದವರ ಹೆಸರಿದೆಯೇ? ದಿನಾಂಕ ಇದೆಯೇ? 'ನಮ್ಮ ಬಗ್ಗೆ' ಎಂಬ ಪುಟ ಇದೆಯೇ? ಆಧಾರ ಕೊಟ್ಟಿದ್ದಾರೆಯೇ? ಭಾಷೆ ತಪ್ಪಿಲ್ಲದೆ ಇದೆಯೇ? ಜಾಲತಾಣವನ್ನು ತೆರೆ, ಈ ಪ್ರಶ್ನೆಗಳನ್ನು ಒಂದೊಂದಾಗಿ ಕೇಳು, ಉತ್ತರ ಗುರುತು ಹಾಕು ಎಂದು ಮಕ್ಕಳಿಗೆ ಹೇಳುತ್ತೇವೆ. ಈ ಬಗೆಯ ಪಟ್ಟಿಗಳಲ್ಲಿ ಹೆಸರಾದದ್ದು 2004ರಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಚಿಕೋ ಕ್ಯಾಂಪಸ್ಸಿನ ಗ್ರಂಥಪಾಲಕಿ ಸಾರಾ ಬ್ಲೇಕ್ಸ್‌ಲಿ ಮಾಡಿದ್ದು. ಮಾಹಿತಿ ಎಷ್ಟು ಹೊಸದು, ವಿಷಯಕ್ಕೆ ಎಷ್ಟು ಸಂಬಂಧಪಟ್ಟದ್ದು, ಬರೆದವರಿಗೆ ಏನು ಅರ್ಹತೆ, ಎಷ್ಟು ನಿಖರ, ಉದ್ದೇಶ ಏನು ಎಂಬ ಐದು ತಲೆಬರಹ ಅದಕ್ಕೆ. ಗ್ರಂಥಾಲಯಗಳಲ್ಲಿ ಅದು ಬೇಗ ಹಬ್ಬಿತು. ಹೇಳಿಕೊಡುವುದು ಸುಲಭ, ಪರೀಕ್ಷೆ ಮಾಡುವುದು ಇನ್ನೂ ಸುಲಭ.

ಇದರ ತೊಂದರೆ ಏನೆಂದರೆ, ಪಟ್ಟಿಯ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಕೊಡುವುದು ಆ ಪುಟವೇ. ಆಪಾದಿತನನ್ನೇ ಕರೆದು ಸಾಕ್ಷಿ ಹೇಳಿಸಿದ ಹಾಗೆ. ಒಳ್ಳೆಯ ವಿನ್ಯಾಸ, ಗಂಭೀರವಾದ ಹೆಸರು, ಚಂದದ ಲಾಂಛನ, ಕೆಳಗೆ ಮೂವತ್ತು ಆಕರಗಳ ಸಾಲು, ನಗುಮೊಗದ ತಜ್ಞರ ಭಾವಚಿತ್ರಗಳು ಎಲ್ಲವನ್ನೂ ಈಗ ಅರ್ಧ ದಿನದಲ್ಲಿ ಕಟ್ಟಬಹುದು. ದಾರಿ ತಪ್ಪಿಸಲು ಹೊರಟವರಿಗೆ ನಮ್ಮ ಪಟ್ಟಿ ಚೆನ್ನಾಗಿ ಗೊತ್ತು. ಅವರು ಅದನ್ನು ನೋಡಿಕೊಂಡೇ ಪುಟ ಕಟ್ಟುತ್ತಾರೆ. ಇತ್ತ, ವಿಷಯ ಬಲ್ಲ ಸಂಶೋಧಕರೊಬ್ಬರು ಹತ್ತು ವರ್ಷದ ಹಿಂದೆ ಮಾಡಿಟ್ಟ ಹಳೇ ವಿನ್ಯಾಸದ ಪುಟಕ್ಕೆ ಅದೇ ಪಟ್ಟಿಯಲ್ಲಿ ಕಡಿಮೆ ಅಂಕ ಬೀಳುತ್ತದೆ.

ವಿಳಾಸದ ಬಾಲದ ಮಾತೂ ಇಷ್ಟೇ. 'ಡಾಟ್ ಆರ್ಗ್' ಎಂದರೆ ಲಾಭಕ್ಕಲ್ಲದ ಸಂಸ್ಥೆ, ಹಾಗಾಗಿ ನಂಬಬಹುದು ಎಂದು ಇವತ್ತಿಗೂ ಪಾಠ ಹೇಳುವವರಿದ್ದಾರೆ. ಆ ವಿಳಾಸವನ್ನು ದುಡ್ಡು ಕೊಟ್ಟು ಯಾರು ಬೇಕಾದರೂ ಪಡೆಯಬಹುದು, ನೀವು ಯಾರು, ಏನು ಕೆಲಸ ಎಂದು ಯಾರೂ ಕೇಳುವುದಿಲ್ಲ. ವಿಳಾಸದ ಪಕ್ಕದ ಬೀಗದ ಗುರುತೂ ಹಾಗೆಯೇ. ನಿಮಗೂ ಆ ತಾಣಕ್ಕೂ ನಡುವಿನ ಮಾತನ್ನು ಮೂರನೆಯವರು ಕದ್ದು ಕೇಳಲಾರರು ಎಂಬುದಷ್ಟೇ ಅದರ ಅರ್ಥ. ಆಚೆ ಕಡೆ ಕುಳಿತವರು ನಿಜ ಹೇಳುತ್ತಾರೆ ಎಂದಲ್ಲ.

ಬಲ್ಲವರು ಹೇಗೆ ಓದುತ್ತಾರೆ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ ಒಂದು ಅಧ್ಯಯನ ಹೊರತಂದರು. ಒಟ್ಟು 45 ಮಂದಿ: ಪಿಎಚ್.ಡಿ. ಮಾಡಿದ 10 ಇತಿಹಾಸಕಾರರು, ವೃತ್ತಿಯಿಂದ ಫ್ಯಾಕ್ಟ್ ಚೆಕ್, ಅಂದರೆ ಸುದ್ದಿಯ ಸತ್ಯಾಸತ್ಯ ಪರೀಕ್ಷೆ, ಮಾಡುವ 10 ಜನ, ಅದೇ ವಿಶ್ವವಿದ್ಯಾಲಯದ 25 ಪದವಿ ವಿದ್ಯಾರ್ಥಿಗಳು. ಕೆಲಸಗಳಲ್ಲಿ ಒಂದು, ಎರಡು ಮಕ್ಕಳ ವೈದ್ಯರ ಸಂಘಗಳ ಜಾಲತಾಣಗಳನ್ನು ಹೋಲಿಸುವುದು. ಒಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್. 1930ರಲ್ಲಿ ಹುಟ್ಟಿದ್ದು, ಹತ್ತಾರು ಸಾವಿರ ವೈದ್ಯರು ಸದಸ್ಯರಾಗಿರುವ ವೃತ್ತಿ ಸಂಘ. ಇನ್ನೊಂದು ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಶಿಯನ್ಸ್. ಸಲಿಂಗಿ ದಂಪತಿ ಮಕ್ಕಳನ್ನು ದತ್ತು ಪಡೆಯುವ ವಿಚಾರದಲ್ಲಿ ಅಕಾಡೆಮಿಯ ನಿಲುವನ್ನು ಒಪ್ಪದವರು 2002ರಲ್ಲಿ ಕಟ್ಟಿಕೊಂಡ ಬಹಳ ಸಣ್ಣ ಗುಂಪು. ಹೆಸರು ಕೇಳಿದರೆ ವ್ಯತ್ಯಾಸ ಗೊತ್ತಾಗದು. ಪುಟ ನೋಡಿದರೂ ಗೊತ್ತಾಗದು. ಎರಡಕ್ಕೂ ಲಾಂಛನ ಇದೆ, ಎರಡರಲ್ಲೂ ಆಕರಗಳಿವೆ.

ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸಣ್ಣ ಗುಂಪಿನ ಪುಟವೇ ಹೆಚ್ಚು ನಂಬಿಕೆಗೆ ಅರ್ಹ ಎಂದರು. ಇತಿಹಾಸಕಾರರಲ್ಲಿ ಹಲವರು ಯಾವುದು ಮೇಲು ಎಂದು ಹೇಳಲಾರದೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಫ್ಯಾಕ್ಟ್ ಚೆಕ್ ಮಾಡುವವರು ಮಾತ್ರ ಬೇಗನೆ, ಗೊಂದಲವಿಲ್ಲದೆ ಅಕಾಡೆಮಿಯತ್ತ ಬೆರಳು ತೋರಿದರು. ಅವರು ಹೆಚ್ಚು ಬುದ್ಧಿವಂತರೆಂದಲ್ಲ. ಓದಿದ ದಿಕ್ಕು ಬೇರೆ. ಇತಿಹಾಸಕಾರರೂ ವಿದ್ಯಾರ್ಥಿಗಳೂ ಪುಟವನ್ನು ಮೇಲಿನಿಂದ ಕೆಳಕ್ಕೆ, ಪುಸ್ತಕ ಓದಿದಂತೆ ಓದಿದರು. ಫ್ಯಾಕ್ಟ್ ಚೆಕ್ ಮಾಡುವವರು ಪುಟಕ್ಕೆ ಬಂದು ಕೆಲವೇ ಸೆಕೆಂಡಿನಲ್ಲಿ ಅದನ್ನು ಬಿಟ್ಟು ಹೊಸ ಟ್ಯಾಬ್ ತೆರೆದರು, ಈ ಸಂಘದ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಹುಡುಕಿದರು. ಟ್ಯಾಬುಗಳು ಪರದೆಯ ಮೇಲೆ ಅಡ್ಡಕ್ಕೆ ಸಾಲಾಗಿ ನಿಲ್ಲುತ್ತವಲ್ಲ, ಅದಕ್ಕೇ ಇದಕ್ಕೆ ಅಡ್ಡ ಓದು ಎನ್ನೋಣ.

ಈ ಫಲಿತಾಂಶ ಅಧ್ಯಾಪಕರಾದ ನಮ್ಮನ್ನು ಸ್ವಲ್ಪ ಚುಚ್ಚಬೇಕು. ಗಮನವಿಟ್ಟು, ನಿಧಾನವಾಗಿ, ಕೊನೆಯವರೆಗೂ ಓದು ಎಂದು ಹೇಳಿಕೊಡುವವರು ನಾವೇ. ಒಳ್ಳೆಯ ಪುಸ್ತಕಕ್ಕೆ ಅದು ಸರಿ. ಯಾರದೆಂದೇ ಗೊತ್ತಿಲ್ಲದ ಪುಟಕ್ಕೆ ಅಷ್ಟು ಗಮನ ಕೊಡುವುದೆಂದರೆ ಬೀದಿಯಲ್ಲಿ ಅಡ್ಡ ಹಾಕಿದ ಅಪರಿಚಿತನನ್ನು ಕೂರಿಸಿ, ಅರ್ಧ ಗಂಟೆ ಅವನ ಮಾತು ಕೇಳಿ, ಆಮೇಲೆ 'ನೀನು ಯಾರು' ಎಂದು ಕೇಳಿದಂತೆ.

ಅಡ್ಡ ಓದಿನ ಕೈಕೆಲಸ

'ಬೇರೆ ಕಡೆ ಹುಡುಕಿ ನೋಡು' ಎಂದರೆ ಮಕ್ಕಳು ಹುಡುಕುವುದಿಲ್ಲ, ಹುಡುಕಿದರೂ ತಪ್ಪಾಗಿ ಹುಡುಕುತ್ತಾರೆ. ಬೆರಳು ಎಲ್ಲಿ ಇಡಬೇಕು ಎಂಬಲ್ಲಿಂದ ಕಲಿಸಬೇಕು.

ಮೊದಲ ಕೆಲಸ, ನಿಲ್ಲುವುದು. ಅಂತರ್ಜಾಲದ ಮಾಹಿತಿ ಪರೀಕ್ಷಿಸುವುದನ್ನು ಕಲಿಸುವ ಅಮೆರಿಕದ ತಜ್ಞ ಮೈಕ್ ಕಾಲ್‌ಫೀಲ್ಡ್ 2019ರಲ್ಲಿ ರೂಪಿಸಿದ ನಾಲ್ಕು ಹೆಜ್ಜೆಗಳ ಕ್ರಮದಲ್ಲೂ ಇದೇ ಮೊದಲು: ನಿಲ್ಲು, ಮೂಲ ಯಾರೆಂದು ವಿಚಾರಿಸು, ಇನ್ನೂ ಒಳ್ಳೆಯ ವರದಿ ಹುಡುಕು, ಮಾತಿನ ಬೇರಿನತನಕ ಹೋಗು. ಓದಿದ ಕೂಡಲೇ ಸಿಟ್ಟು, ಹೆದರಿಕೆ, ಇಲ್ಲವೇ 'ನಾನು ಮೊದಲೇ ಹೇಳಿರಲಿಲ್ಲವೇ' ಎಂಬ ಹಿಗ್ಗು ಬಂತೆಂದರೆ ಅದೇ ನಿಲ್ಲುವ ಸೂಚನೆ ಎಂದು ಹೇಳಿಕೊಡಿ. ಹಿಗ್ಗನ್ನು ಮರೆಯಬೇಡಿ, ಮೂರರಲ್ಲಿ ಅದೇ ಮೋಸಗಾರ.

ಎರಡನೆಯದು, ಹೊಸ ಟ್ಯಾಬ್. ಅದರಲ್ಲಿ ಸಂಸ್ಥೆಯ ಇಲ್ಲವೇ ಬರೆದವರ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಟೈಪ್ ಮಾಡಬೇಕು. ಬರಿದೇ ಹೆಸರು ಕೊಟ್ಟರೆ ಮೇಲಕ್ಕೆ ಬರುವುದು ಅವರದೇ ತಾಣ, ಅವರದೇ ಫೇಸ್‌ಬುಕ್ ಪುಟ, ಅವರದೇ ಯೂಟ್ಯೂಬ್ ಚಾನೆಲ್. ಅದಕ್ಕಾಗಿ ಹೆಸರಿನ ನಂತರ ಒಂದು ಜಾಗ ಬಿಟ್ಟು ಮೈನಸ್ ಚಿಹ್ನೆ, ಅದಕ್ಕೆ ತಾಗಿದಂತೆ 'ಸೈಟ್' ಎಂಬ ಪದ ಇಂಗ್ಲಿಷಿನಲ್ಲಿ, ಕೋಲನ್, ಆ ತಾಣದ ವಿಳಾಸ ಕೊಡಬೇಕು. ಮೈನಸ್‌ನಿಂದ ವಿಳಾಸದ ಕೊನೆಯವರೆಗೆ ಎಲ್ಲೂ ಜಾಗ ಬಿಡಬಾರದು. ಮಕ್ಕಳು ಎಡವುವುದು ಇಲ್ಲೇ: ಕೋಲನ್ ಆದಮೇಲೆ ಒಂದು ಜಾಗ ಬಿಟ್ಟುಬಿಡುತ್ತಾರೆ, ಸೋಸುವಿಕೆ ನಡೆಯುವುದಿಲ್ಲ, 'ಇದು ಕೆಲಸ ಮಾಡುವುದಿಲ್ಲ ಸರ್' ಎನ್ನುತ್ತಾರೆ. ಜೊತೆಗೆ 'ಹಣಕಾಸು', 'ಸ್ಥಾಪಕ', 'ವಿವಾದ' ಇಂಥ ಒಂದು ಪದ ಸೇರಿಸಿದರೆ ಬೇಕಾದ್ದು ಬೇಗ ಸಿಗುತ್ತದೆ. 'ವಿವಾದ' ಎಂದು ಹುಡುಕಿದರೆ ದೊಡ್ಡ ಸಂಸ್ಥೆಗಳೆಲ್ಲದರ ಬಗ್ಗೆಯೂ ಏನಾದರೊಂದು ಸಿಕ್ಕೇ ಸಿಗುತ್ತದೆ ಎನ್ನುವುದನ್ನೂ ಅಲ್ಲೇ ಹೇಳಿಬಿಡಬೇಕು.

ಮೂರನೆಯದು, ಕ್ಲಿಕ್ ಮಾಡುವ ಮುನ್ನ ಕೈ ಕಟ್ಟಿ ಕೂರುವುದು. ಫಲಿತಾಂಶದ ಪುಟ ತೆರೆದಾಗ ಮೊದಲ ಲಿಂಕನ್ನು ಒತ್ತುವುದು ಎಲ್ಲರ ಅಭ್ಯಾಸ. ಮೇಲೆ ಬಂದದ್ದು ಮೇಲಾದದ್ದಲ್ಲ. ಅದು ಜಾಹೀರಾತಾಗಿರಬಹುದು, ಹುಡುಕಾಟದಲ್ಲಿ ಮೇಲೆ ಬರಲೆಂದೇ ಬರೆಸಿದ್ದಾಗಿರಬಹುದು. ಮೊದಲ ಪುಟದ ಅಷ್ಟೂ ಫಲಿತಾಂಶಗಳ ತಲೆಬರಹ, ವಿಳಾಸ, ಕೆಳಗಿನ ಎರಡು ಸಾಲಿನ ತುಣುಕನ್ನು ಓದಿ, ಯಾವುದು ಸುದ್ದಿಸಂಸ್ಥೆ, ಯಾವುದು ವಿಶ್ವಕೋಶ, ಯಾವುದು ಅವರದೇ ಪ್ರಚಾರ ಎಂದು ಮೊದಲು ವಿಂಗಡಿಸಬೇಕು. ಗೂಗಲ್‌ನಲ್ಲಿ ಫಲಿತಾಂಶದ ಪಕ್ಕ ಕಾಣುವ ಮೂರು ಚುಕ್ಕಿ ಒತ್ತಿದರೆ ಆ ತಾಣದ ಬಗ್ಗೆ ಒಂದಿಷ್ಟು ವಿವರ ಬರುತ್ತದೆ, ಅದನ್ನೂ ತೋರಿಸಿ. ಫಲಿತಾಂಶದ ಪುಟದ ಸ್ಕ್ರೀನ್‌ಶಾಟನ್ನು ಕಾಗದಕ್ಕೆ ಅಚ್ಚು ಹಾಕಿಸಿ, 'ಮೊದಲು ಯಾವುದನ್ನು ಒತ್ತುತ್ತೀಯ, ಯಾಕೆ' ಎಂದು ಕೇಳುವುದು ಕಂಪ್ಯೂಟರೇ ಇಲ್ಲದ ತರಗತಿಯಲ್ಲೂ ನಡೆಯುವ ಅಭ್ಯಾಸ. ಹತ್ತು ನಿಮಿಷ ಸಾಕು.

ಇನ್ನು ವಿಕಿಪೀಡಿಯ. ಅದನ್ನು ಮುಟ್ಟಬೇಡ ಎಂದು ಹೇಳುತ್ತಾ ಬಂದಿದ್ದೇವೆ. ಫ್ಯಾಕ್ಟ್ ಚೆಕ್ ಮಾಡುವವರು ಹೊಸ ಹೆಸರು ಕಂಡೊಡನೆ ಮೊದಲು ಹೋಗುವುದು ಅಲ್ಲಿಗೇ. 2005ರಲ್ಲಿ 'ನೇಚರ್' ಎಂಬ ವಿಜ್ಞಾನ ಪತ್ರಿಕೆ ವಿಜ್ಞಾನದ 42 ಲೇಖನಗಳನ್ನು ತಜ್ಞರಿಗೆ ಕೊಟ್ಟು ನೋಡಿಸಿದಾಗ ವಿಕಿಪೀಡಿಯದಲ್ಲಿ ಲೇಖನಕ್ಕೆ ಸರಾಸರಿ ನಾಲ್ಕು, ಬ್ರಿಟಾನಿಕಾ ವಿಶ್ವಕೋಶದಲ್ಲಿ ಮೂರು ತಪ್ಪು ಕಂಡಿದ್ದವು. ಹಳೆಯ ಲೆಕ್ಕ, ಇಂಗ್ಲಿಷಿನ ಲೆಕ್ಕ. ಸಣ್ಣ ಭಾಷೆಗಳ ವಿಕಿಪೀಡಿಯಗಳಲ್ಲಿ ತಿದ್ದುವ ಕೈಗಳು ಕಡಿಮೆ, ಹಾಗಾಗಿ ತಪ್ಪು ಹೆಚ್ಚು ದಿನ ಉಳಿಯುತ್ತದೆ. ಬಳಸುವ ಬಗೆ ಇದು: ಸಂಸ್ಥೆಯ ಲೇಖನದ ಮೊದಲ ಪ್ಯಾರಾ ಓದು, ಬೇಕಾದ ವಾಕ್ಯದ ಕೊನೆಯಲ್ಲಿರುವ ಅಡಿಟಿಪ್ಪಣಿಯ ಸಂಖ್ಯೆ ಒತ್ತು, ಆ ಆಕರಕ್ಕೆ ಹೋಗು. ವಿಕಿಪೀಡಿಯವನ್ನು ಉತ್ತರದಲ್ಲಿ ಉಲ್ಲೇಖಿಸಬೇಡ, ಅದರ ಮೂಲಕ ಹಾದುಹೋಗು. ಲೇಖನದ ಇತಿಹಾಸದ ಟ್ಯಾಬ್ ಒತ್ತಿ ಎರಡು ದಿನದ ಹಿಂದೆ ಯಾರಾದರೂ ಕೈಯಾಡಿಸಿದ್ದಾರೆಯೇ ಎಂದು ನೋಡುವುದನ್ನೂ ಕಲಿಸಿ. ಮಕ್ಕಳಿಗೆ ಅದು ಪತ್ತೇದಾರಿಯಂತೆ ಖುಷಿ ಕೊಡುತ್ತದೆ.

ಹುಡುಕಾಟವೇ ಕೈಕೊಡುವ ಸಂದರ್ಭವೂ ಇದೆ. ಇದನ್ನು ಮುಚ್ಚಿಟ್ಟು ಅಡ್ಡ ಓದನ್ನು ಹೊಗಳುವುದು ಸರಿಯಲ್ಲ. 'ನೇಚರ್' ಪತ್ರಿಕೆಯಲ್ಲೇ 2023ರ ಕೊನೆಯಲ್ಲಿ ಪ್ರಕಟವಾದ ಒಂದು ಸಂಶೋಧನೆ, ಸುಳ್ಳು ಸುದ್ದಿಯನ್ನು ಪರೀಕ್ಷಿಸಲೆಂದು ಹುಡುಕಿದವರು ಅದನ್ನು ಇನ್ನೂ ಹೆಚ್ಚು ನಂಬುವ ಸಾಧ್ಯತೆ ಇದೆ ಎಂದು ತೋರಿಸಿತು. ಕಾರಣ ಸರಳ. ಸುದ್ದಿಯ ತಲೆಬರಹವನ್ನೇ ಇದ್ದಂತೆ ಹುಡುಕುಪೆಟ್ಟಿಗೆಗೆ ಸುರಿದರೆ, ಆ ಪದಗಳನ್ನು ಬಳಸಿರುವವರೇ, ಅಂದರೆ ಅದೇ ಸುಳ್ಳನ್ನು ನಕಲು ಮಾಡಿದವರೇ ಎದುರು ಬರುತ್ತಾರೆ. ಐದು ಕಡೆ ಅದೇ ಮಾತು ಕಂಡರೆ ನಿಜವಿರಬೇಕು ಅನಿಸುತ್ತದೆ. ಅಪರೂಪದ ವಿಷಯ, ಹೊಚ್ಚ ಹೊಸ ಘಟನೆ, ಕಡಿಮೆ ಬರವಣಿಗೆ ಇರುವ ಭಾಷೆ, ಈ ಮೂರರಲ್ಲೂ ಹುಡುಕಾಟದ ನೆಲ ಬರಡು. ಅಲ್ಲಿ ಮೊದಲು ಬೆಳೆಯುವುದು ಕಳೆ.

ಹಾಗಾದರೆ ಏನು ಟೈಪ್ ಮಾಡಬೇಕು? ತಲೆಬರಹದ ಪದಗಳನ್ನು ಬಿಟ್ಟು ವಿಷಯದ ಪದಗಳನ್ನು. 'ಇಂಥ ಹಣ್ಣು ತಿಂದರೆ ಇಂಥ ರೋಗ ಮಾಯ' ಎಂಬುದನ್ನು ಪರೀಕ್ಷಿಸಲು 'ಮಾಯ', 'ಗುಟ್ಟು', 'ವೈದ್ಯರು ಹೇಳದ' ಎಂಬ ಪದಗಳನ್ನೆಲ್ಲ ತೆಗೆದುಹಾಕಿ ಹಣ್ಣಿನ ಹೆಸರು, ರೋಗದ ಹೆಸರು, 'ಸಂಶೋಧನೆ' ಎಂದಷ್ಟೇ ಕೊಡಬೇಕು. 'ಹಾನಿಕಾರಕವೇ' ಎಂದು ಕೇಳಿದರೆ ಹಾನಿಯೇ ಬರುತ್ತದೆ, 'ಉಪಯೋಗಗಳು' ಎಂದರೆ ಉಪಯೋಗವೇ. ಒಂದೇ ವಸ್ತುವಿನ ಬಗ್ಗೆ ಅರ್ಧ ತರಗತಿಗೆ ಒಂದು ಪದ, ಇನ್ನರ್ಧಕ್ಕೆ ಇನ್ನೊಂದು ಪದ ಕೊಟ್ಟು ಸಿಕ್ಕ ಮೊದಲ ಐದು ತಲೆಬರಹಗಳನ್ನು ಹಲಗೆಯ ಮೇಲೆ ಎದುರುಬದುರು ಬರೆಸಿ. ಬೇರೆ ವಿವರಣೆಯೇ ಬೇಡ.

ಚಿತ್ರ, ವಿಡಿಯೊ

ಪುಟಕ್ಕಿಂತ ಬೇಗ ಮಕ್ಕಳನ್ನು ಹಿಡಿಯುವುದು ಚಿತ್ರ. ಸ್ಟ್ಯಾನ್‌ಫರ್ಡ್ ತಂಡ 2016ರಲ್ಲಿ ಕೊಟ್ಟ ವರದಿಯಲ್ಲಿ ಒಂದು ಡೇಸಿ ಹೂವಿನ ಚಿತ್ರ ಬರುತ್ತದೆ. ವಿಕಾರವಾಗಿ ಬೆಳೆದ ಹೂಗಳು, ಮೇಲೆ 'ಫುಕುಶಿಮಾದ ಅಣು ಹೂಗಳು' ಎಂಬರ್ಥದ ತಲೆಬರಹ. 2011ರಲ್ಲಿ ಅಪಘಾತಕ್ಕೀಡಾದ ಜಪಾನಿನ ಫುಕುಶಿಮಾ ಅಣುಸ್ಥಾವರದ ಸುತ್ತಲಿನ ಪರಿಸ್ಥಿತಿಗೆ ಇದು ಬಲವಾದ ಸಾಕ್ಷ್ಯವೇ ಎಂದು ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಕೇಳಿದಾಗ ಸುಮಾರು 40 ಪ್ರತಿಶತ ಹೌದು ಎಂದರು, ಚಿತ್ರವೇ ಇದೆಯಲ್ಲ ಎಂಬುದು ಅವರ ವಾದ. ಫೋಟೊ ತೆಗೆದವರು ಯಾರು, ಅದು ಅಲ್ಲಿಯದೇ ಎಂದು ಸರಿಯಾಗಿ ಪ್ರಶ್ನಿಸಿದವರು 20 ಪ್ರತಿಶತಕ್ಕಿಂತ ಕಡಿಮೆ. ಹೂವಿನ ತುದಿ ಹಾಗೆ ಚಪ್ಪಟೆಯಾಗಿ ಬೆಳೆಯುವುದು ಗಿಡಗಳಲ್ಲಿ ಎಲ್ಲೆಡೆಯೂ ಆಗಾಗ ಕಾಣುವ ಸಂಗತಿ, ವಿಕಿರಣವೇ ಬೇಕೆಂದಿಲ್ಲ.

ಅದೇ ತಂಡ 3,446 ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಕೊಟ್ಟ ಇನ್ನೊಂದು ಪರೀಕ್ಷೆಯಲ್ಲಿ ಒಂದು ಮಸುಕಾದ ವಿಡಿಯೊ ಇತ್ತು, ಅಮೆರಿಕದ ಚುನಾವಣೆಯಲ್ಲಿ ಮತಪೆಟ್ಟಿಗೆಗೆ ಕಳ್ಳ ಮತ ತುರುಕುತ್ತಿದ್ದಾರೆ ಎಂದು. ನಿಜಕ್ಕೂ ಅದು ರಷ್ಯಾದ್ದು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಅದನ್ನು ಬಲವಾದ ಸಾಕ್ಷ್ಯ ಎಂದು ಒಪ್ಪಿದರು. ಅಂತರ್ಜಾಲ ಕೈಯಲ್ಲೇ ಇತ್ತು, ಹುಡುಕಲು ಅನುಮತಿಯೂ ಇತ್ತು. ವಿಡಿಯೊದ ಮೂಲ ಪತ್ತೆ ಹಚ್ಚಿದವರು ಮೂರೇ ಮಂದಿ.

ಚಿತ್ರ ಹುಡುಕುವುದನ್ನು ಹೀಗೆ ಕಲಿಸಿ. ಚಿತ್ರವನ್ನು ಉಳಿಸಿಕೊಂಡು ಗೂಗಲ್ ಲೆನ್ಸ್‌ಗೆ ಹಾಕಿ, ಅದೇ ಚಿತ್ರವನ್ನು ಟಿನ್‌ಐ ಎಂಬ ಚಿತ್ರ ಹುಡುಕುವ ತಾಣಕ್ಕೂ ಹಾಕಿ. ಮೊದಲನೆಯದು ಹೋಲುವ ಚಿತ್ರಗಳನ್ನೂ ಸೇರಿಸಿ ತರುತ್ತದೆ, ಎರಡನೆಯದು ಅದೇ ಚಿತ್ರದ ನಕಲುಗಳನ್ನು ಹುಡುಕಿ ಹಳೆಯದರಿಂದ ಹೊಸದಕ್ಕೆ ಜೋಡಿಸಿ ತೋರಿಸಬಲ್ಲದು. ನಮಗೆ ಬೇಕಾದ್ದು ಅದರ ಮೊದಲ ಹುಟ್ಟು. ನಿನ್ನೆಯ ಘಟನೆ ಎಂದು ಹೇಳಿದ ಚಿತ್ರ ಆರು ವರ್ಷದ ಹಿಂದೆಯೇ ಇದ್ದರೆ ಮಾತು ಮುಗಿಯಿತು. ಸಿಗದಿದ್ದರೆ ಮಾತ್ರ ಏನೂ ತೀರ್ಮಾನವಾಗಿಲ್ಲ, ಚಿತ್ರ ಹೊಸದಿರಬಹುದು, ಕತ್ತರಿಸಿರಬಹುದು, ಎಡಬಲ ತಿರುಗಿಸಿರಬಹುದು. ಆಗ ಅಂಚಿನ ಬರಹಗಳನ್ನು ತೆಗೆದು, ತಿರುಗಿಸಿ, ಮುಖ್ಯ ವಸ್ತುವಿನಷ್ಟೇ ಭಾಗವನ್ನು ಆರಿಸಿ ಮತ್ತೆ ಹಾಕಬೇಕು. ವಿಡಿಯೊ ಆದರೆ ನಾಲ್ಕೈದು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಒಂದೊಂದನ್ನೂ ಹುಡುಕಬೇಕು. ಅಂಗಡಿಯ ಫಲಕ, ವಾಹನದ ನಂಬರ್ ಪ್ಲೇಟ್, ಸಮವಸ್ತ್ರ ಕಾಣುವ ಚೌಕಟ್ಟುಗಳನ್ನೇ ಆರಿಸಿಕೊಳ್ಳಲಿ. ಸಂದೇಶದ ಆ್ಯಪ್‌ಗಳಲ್ಲಿ ಕೈಯಿಂದ ಕೈಗೆ ಬಂದ ಫೋಟೊದಲ್ಲಿ ತೆಗೆದ ದಿನ, ಜಾಗದ ವಿವರ ಅಳಿಸಿಹೋಗಿರುತ್ತದೆ. ಅದನ್ನು ಕೆದಕುತ್ತ ಕೂರುವುದು ಹೊತ್ತು ದಂಡ.

ಪ್ರವಾಹದ ನೀರು ತುಂಬಿದ ರಸ್ತೆಯಲ್ಲಿ ಕಾರಿನ ಪಕ್ಕ ಈಜುವ ಶಾರ್ಕ್‌ನ ಚಿತ್ರ ನೀವು ನೋಡಿರುತ್ತೀರಿ. 2011ರ ಐರೀನ್ ಚಂಡಮಾರುತದ ಹೊತ್ತಿಗೆ ಪೋರ್ಟೊ ರಿಕೊದ್ದೆಂದು ಹಬ್ಬಿತು, 2017ರಲ್ಲಿ ಹಾರ್ವಿ ಬಂದಾಗ ಹ್ಯೂಸ್ಟನ್‌ನದ್ದಾಯಿತು. ಅದರಲ್ಲಿರುವ ಶಾರ್ಕ್ ದಕ್ಷಿಣ ಆಫ್ರಿಕಾದ ಕಡಲಲ್ಲಿ ಛಾಯಾಗ್ರಾಹಕ ಥಾಮಸ್ ಪೆಶಾಕ್ ತೆಗೆದ, ದೋಣಿಯೊಂದನ್ನು ಹಿಂಬಾಲಿಸುವ ಶಾರ್ಕ್‌ನ ಚಿತ್ರದಿಂದ ಕತ್ತರಿಸಿ ಅಂಟಿಸಿದ್ದು. ತರಗತಿಗೆ ಒಳ್ಳೆಯ ಉದಾಹರಣೆ. ಈ ಶಾರ್ಕ್ ಮತ್ತೆ ಬರಲಿದೆ, ನೆನಪಿಟ್ಟುಕೊಳ್ಳಿ.

ಬೇರಿನತನಕ

ಮೂಲ ಯಾರು ಎಂದು ಗೊತ್ತಾದ ಮೇಲೂ ಮಾತು ಅಲ್ಲಿಗೆ ಹೇಗೆ ಬಂತು ಎಂದು ನೋಡಬೇಕಾಗುತ್ತದೆ. ಇದಕ್ಕೆ ಚಾಕೊಲೇಟಿನ ಪ್ರಕರಣಕ್ಕಿಂತ ಒಳ್ಳೆಯ ಪಾಠವಿಲ್ಲ, ಇದನ್ನು ಒಂದಿಡೀ ಅವಧಿ ಮಾಡಬಹುದು.

2015ರಲ್ಲಿ, ಕಾರ್ಬೊಹೈಡ್ರೇಟ್ ಕಡಿಮೆ ಇರುವ ಆಹಾರದ ಜೊತೆ ದಿನವೂ ಚಾಕೊಲೇಟ್ ತಿಂದರೆ ತೂಕ ಬೇಗ ಇಳಿಯುತ್ತದೆ ಎಂಬ ಸುದ್ದಿ ಹಲವು ದೇಶಗಳ ಪತ್ರಿಕೆಗಳಲ್ಲಿ ಬಂತು. ಆಧಾರ 'ಇಂಟರ್‌ನ್ಯಾಷನಲ್ ಆರ್ಕೈವ್ಸ್ ಆಫ್ ಮೆಡಿಸಿನ್' ಎಂಬ ನಿಯತಕಾಲಿಕೆಯ ಪ್ರಬಂಧ. ಬರೆದವರು 'ಇನ್‌ಸ್ಟಿಟ್ಯೂಟ್ ಆಫ್ ಡಯಟ್ ಅಂಡ್ ಹೆಲ್ತ್'ನ ನಿರ್ದೇಶಕರಂತೆ. ಆಮೇಲೆ, ಆ ನಿರ್ದೇಶಕನ ವೇಷ ಹಾಕಿದ್ದ ಪತ್ರಕರ್ತ ಜಾನ್ ಬೊಹಾನನ್ ತಾನೇ ಹೊರಗೆಡವಿದ: ಆ ಸಂಸ್ಥೆ ಎಂದರೆ ಒಂದು ಜಾಲತಾಣ, ಅಷ್ಟೇ. ನಿಯತಕಾಲಿಕೆ 600 ಯೂರೊ ತೆಗೆದುಕೊಂಡು ಎರಡು ವಾರದೊಳಗೆ ಪ್ರಕಟಿಸಿತ್ತು. ಪ್ರಯೋಗ ನಿಜವಾಗಿಯೂ ನಡೆದಿತ್ತು, ಜನರೂ ನಿಜ, ಅಂಕಿ ಅಂಶವೂ ನಿಜ. ಮೋಸ ಇದ್ದದ್ದು ಲೆಕ್ಕದ ವಿನ್ಯಾಸದಲ್ಲಿ. ಹದಿನೈದೇ ಜನ, ಆದರೆ ಅಳೆದದ್ದು 18 ಸಂಗತಿ: ತೂಕ, ಕೊಲೆಸ್ಟರಾಲ್, ನಿದ್ದೆ, ರಕ್ತದ ಪ್ರೋಟೀನ್, ಹೀಗೆ.

ಗಣಿತದ ಶಿಕ್ಷಕರು ಇಲ್ಲಿ ಬರಲಿ. ಒಂದು ಅಳತೆಯಲ್ಲಿ ಬರೀ ಆಕಸ್ಮಿಕವಾಗಿ 'ಪರಿಣಾಮ' ಕಾಣುವ ಸಂಭವ 5 ಪ್ರತಿಶತ ಎಂದುಕೊಂಡರೆ, ಕಾಣದಿರುವ ಸಂಭವ 0.95. ಒಂದಕ್ಕೊಂದು ಸಂಬಂಧವಿಲ್ಲದ 18 ಅಳತೆಗಳಲ್ಲಿ ಒಂದರಲ್ಲೂ ಕಾಣದಿರುವ ಸಂಭವ 0.95ರ 18ನೇ ಘಾತ, ಅಂದರೆ ಸುಮಾರು 0.40. ಹಾಗಾದರೆ ಏನಾದರೊಂದು ಕಾಣುವ ಸಂಭವ ಸುಮಾರು 60 ಪ್ರತಿಶತ. ತೂಕ ಸಿಗದಿದ್ದರೆ ನಿದ್ದೆ ಸಿಗುತ್ತಿತ್ತು, 'ಚಾಕೊಲೇಟ್ ತಿಂದರೆ ಸುಖನಿದ್ರೆ' ಎಂದು ಸುದ್ದಿಯಾಗುತ್ತಿತ್ತು.

ಇದರಿಂದ ಮಕ್ಕಳು ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. 'ಸಂಶೋಧನೆಯೊಂದು ಹೇಳಿದೆ' ಎಂಬಲ್ಲಿ ಎಷ್ಟು ಜನ? ಎಷ್ಟು ದಿನ? ಯಾರ ಹಣ? ಬೇರೆಯವರೂ ಮಾಡಿ ನೋಡಿದ್ದಾರೆಯೇ? ಪ್ರಬಂಧವನ್ನು ಹಿಂದಕ್ಕೆ ಪಡೆದಿದ್ದಾರೆಯೇ? ಕೊನೆಯದನ್ನು ಮಕ್ಕಳು ಕೇಳುವುದೇ ಇಲ್ಲ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ, ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನ ಪ್ರಬಂಧ 1998ರದು, ಆಧಾರ 12 ಮಕ್ಕಳು, ಪತ್ರಿಕೆ ಅದನ್ನು 2010ರಲ್ಲಿ ಹಿಂತೆಗೆದುಕೊಂಡಿತು. ಹನ್ನೆರಡು ವರ್ಷ ಅದು ಆಧಾರವಾಗಿ ಓಡಾಡಿತು, ಈಗಲೂ ಓಡಾಡುತ್ತಿದೆ. ಪ್ರಬಂಧದ ಶೀರ್ಷಿಕೆಯ ಜೊತೆ 'ಹಿಂತೆಗೆತ' ಎಂಬರ್ಥದ ಇಂಗ್ಲಿಷ್ ಪದ (retraction) ಸೇರಿಸಿ ಹುಡುಕಲು ಅರ್ಧ ನಿಮಿಷ ಬೇಡ. ಅಳಿಸಿಹೋದ ಪುಟ, ಸದ್ದಿಲ್ಲದೆ ಬದಲಾದ ಪುಟಗಳಿಗೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ಇದೆ. ವಿಳಾಸ ಅಂಟಿಸಿದರೆ ಉಳಿಸಿಟ್ಟ ದಿನಗಳ ಕ್ಯಾಲೆಂಡರ್ ಬರುತ್ತದೆ.

ಚಾಟ್‌ಬಾಟ್‌ಗಳ ವಿಚಾರ ಬೇರೆಯೇ. ಅಲ್ಲಿ ಅಡ್ಡ ಓದಲು ಪುಟವೇ ಇಲ್ಲ, ಒಂದೇ ದನಿ, ಒಂದೇ ಧಾಟಿ. ಸರಿ ಹೇಳುವಾಗಲೂ ತಪ್ಪು ಹೇಳುವಾಗಲೂ ಅದೇ ಆತ್ಮವಿಶ್ವಾಸ. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯವೊಂದು, ಚಾಟ್‌ಜಿಪಿಟಿ ಹುಟ್ಟಿಸಿಕೊಟ್ಟ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ಇರುವ ತೀರ್ಪುಗಳೇ ಎಂದು ಅದೇ ಚಾಟ್‌ಬಾಟನ್ನು ಕೇಳಿ ನೋಡಿದ್ದರು ಕೂಡ, ಹೌದೆಂದಿತ್ತು. ಕಲಿಸಬೇಕಾದ ಹೆಜ್ಜೆ: ಉತ್ತರವನ್ನು ಒಂದೊಂದೇ ಹೇಳಿಕೆಯಾಗಿ ಬಿಡಿಸು, ಹೆಸರು, ಇಸವಿ, ಅಂಕಿ, ಉಲ್ಲೇಖಗಳ ಕೆಳಗೆ ಗೆರೆ ಎಳೆ, ಪ್ರತಿಯೊಂದನ್ನೂ ಚಾಟ್‌ಬಾಟ್‌ನ ಹೊರಗೆ ಹುಡುಕು. ಲಿಂಕ್ ಕೊಟ್ಟಿದ್ದರೆ ತೆರೆದು, ಆ ಮಾತು ಅಲ್ಲಿ ಇದೆಯೇ ಎಂದು ನೋಡು. ಪುಟ ಇರುತ್ತದೆ, ಮಾತು ಇರುವುದಿಲ್ಲ, ಇದೇ ಹೆಚ್ಚಾಗಿ ಕಾಣದೆ ಜಾರಿಹೋಗುವ ತಪ್ಪು.

ಅನುಮಾನ ಕಲಿಸಿದ್ದು ಹೆಚ್ಚಾದಾಗ

ಈಗ ಶಾರ್ಕ್‌ಗೆ ಬರೋಣ. 2022ರಲ್ಲಿ ಇಯಾನ್ ಚಂಡಮಾರುತ ಫ್ಲಾರಿಡಾಕ್ಕೆ ಬಡಿದಾಗ ಫೋರ್ಟ್ ಮೈಯರ್ಸ್‌ನ ಒಂದು ಮನೆಯ ಹಿತ್ತಲಿನ ನೀರಿನಲ್ಲಿ ಶಾರ್ಕ್‌ನಂಥ ಮೀನು ಈಜುವ ವಿಡಿಯೊ ಬಂತು. ಹಳೇ ಕಥೆ ಬಲ್ಲವರೆಲ್ಲ ನಕ್ಕರು. ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಪರಿಶೀಲಿಸಿದಾಗ ವಿಡಿಯೊ ಅಸಲಿ. ಅದು ಶಾರ್ಕೇ ಹೌದೇ ಎಂಬುದರಲ್ಲಿ ತಜ್ಞರಿಗೆ ಒಮ್ಮತ ಇರಲಿಲ್ಲ, ದೃಶ್ಯವಂತೂ ಅಲ್ಲಿಯದೇ, ಆಗಿನದೇ. ಹಿಂದಿನ ಸುಳ್ಳು ಗೊತ್ತಿದ್ದ ಮಾತ್ರಕ್ಕೆ ಈಗಿನದೂ ಸುಳ್ಳು ಎಂದವರು ಹುಡುಕಲಿಲ್ಲ. ಅನುಮಾನವೂ ಸೋಮಾರಿಯಾಗಬಲ್ಲದು.

ನಮ್ಮ ತರಗತಿಗಳು ಎಡವುವುದು ಇಲ್ಲೇ ಹೆಚ್ಚು. ಐದು ಉದಾಹರಣೆ ಕೊಡುತ್ತೇವೆ, ಐದೂ ಸುಳ್ಳು. ಮಕ್ಕಳು ಕಲಿಯುವುದೇನು? ಮೇಷ್ಟ್ರು ತೋರಿಸಿದ್ದೆಲ್ಲ ಸುಳ್ಳು. ಸುಳ್ಳು ಸುದ್ದಿ ಗುರುತಿಸುವ ಆಟಗಳ ಮೇಲೆ ನಡೆದ ಅಧ್ಯಯನಗಳ ಅಂಕಿಗಳನ್ನು ಮತ್ತೆ ಲೆಕ್ಕಹಾಕಿದ 2023ರ ಒಂದು ವಿಶ್ಲೇಷಣೆಯೂ ಇದನ್ನೇ ಕಂಡಿತು: ಆಡಿದವರಿಗೆ ನಿಜ ಸುಳ್ಳನ್ನು ಬೇರ್ಪಡಿಸುವ ಶಕ್ತಿ ಹೆಚ್ಚಲಿಲ್ಲ, ಎಲ್ಲವನ್ನೂ ಸುಳ್ಳು ಎನ್ನುವ ಒಲವು ಹೆಚ್ಚಿತು. ಯಾವುದನ್ನೂ ನಂಬದವನನ್ನು ಮರುಳು ಮಾಡುವುದು ಕಷ್ಟವಲ್ಲ. ಅವನಿಗೆ ಆಸ್ಪತ್ರೆಯ ಪ್ರಕಟಣೆಯೂ ಫಾರ್ವರ್ಡ್ ಮೆಸೇಜೂ ಒಂದೇ ತೂಕ.

ಆದ್ದರಿಂದ ಅಂಕ ಕೊಡುವಾಗ ಎರಡು ಲೆಕ್ಕ ಇಡಿ. ಹತ್ತು ಪೋಸ್ಟುಗಳಲ್ಲಿ ಐದು ನಿಜ, ಐದು ಸುಳ್ಳು ಇರಲಿ. ನಿಜವಾದವುಗಳಲ್ಲಿ ಎಷ್ಟನ್ನು ಒಪ್ಪಿದ, ಸುಳ್ಳಾದವುಗಳಲ್ಲಿ ಎಷ್ಟನ್ನು ತಿರಸ್ಕರಿಸಿದ ಎಂದು ಬೇರೆ ಬೇರೆ ಬರೆಯಿರಿ. ಎಲ್ಲವೂ ಸುಳ್ಳು ಎಂದ ಹುಡುಗನಿಗೆ 0 ಮತ್ತು 5 ಬರುತ್ತದೆ. ಒಂದೇ ಮೊತ್ತವಾಗಿ ಕೂಡಿದರೆ ಹತ್ತಕ್ಕೆ ಐದು, ಅರ್ಧ ಕಲಿತಂತೆ ಕಾಣುತ್ತದೆ, ನಿಜಕ್ಕೂ ಏನೂ ಕಲಿತಿಲ್ಲ. ಒಂದೆರಡು ಪೋಸ್ಟುಗಳು ಚಿತ್ರ ನಿಜ, ವಿವರ ಸುಳ್ಳು ಎಂಬಂಥವಾಗಿರಲಿ. ಅರ್ಧದಷ್ಟು, ಆ ತರಗತಿಯವರಿಗೆ ಇಷ್ಟವಾಗುವ ಮಾತನ್ನೇ ಹೇಳುವಂಥವಾಗಿರಲಿ. ಒಪ್ಪದ ಮಾತಿನ ಹಿಂದೆ ಯಾರಿದ್ದಾರೆ ಎಂದು ಎಲ್ಲರೂ ಹುಡುಕುತ್ತಾರೆ, ಒಪ್ಪುವ ಮಾತಿಗೆ ಹುಡುಕಿದರೇನೇ ಅಭ್ಯಾಸ ಬಂದಂತೆ.

ಮರದ ಮೇಲೆ ಬದುಕುವ ಆಕ್ಟೋಪಸ್‌ನ ಹೆಸರಾದ ಹಾಸ್ಯ ತಾಣವೊಂದಿದೆ, 1998ರದು. ಅದನ್ನು ತೋರಿಸಿ ಮಕ್ಕಳನ್ನು ಬೇಸ್ತು ಬೀಳಿಸುವುದು ಹಲವು ಶಿಕ್ಷಕರಿಗೆ ಪ್ರಿಯ. ನಗು ಬರುತ್ತದೆ ನಿಜ. ಸುಳ್ಳು ಎಂದರೆ ಹೀಗೆ ಹುಚ್ಚುಹುಚ್ಚಾಗಿ ಇರುತ್ತದೆ ಎಂಬ ತಪ್ಪು ಪಾಠವೂ ಅದರ ಜೊತೆ ಬರುತ್ತದೆ. ಹತ್ತರಲ್ಲಿ ಒಂಬತ್ತು ಮಾತು ನಿಜವಿಟ್ಟು ಒಂದನ್ನು ತಿರುಚುವ ಪುಟವೇ ಮಕ್ಕಳು ದಿನವೂ ಎದುರಿಸುವಂಥದ್ದು.

ಇನ್ನೊಂದು ಎಚ್ಚರಿಕೆ ಹಲಗೆಯ ಬಗ್ಗೆ. ಪದೇ ಪದೇ ಕೇಳಿದ ಮಾತು ನಿಜವೆನಿಸುತ್ತದೆ ಎಂದು 1977ರಷ್ಟು ಹಿಂದೆಯೇ ಮನಶ್ಶಾಸ್ತ್ರದವರು ಪ್ರಯೋಗದಿಂದ ತೋರಿಸಿದ್ದಾರೆ. ಸುಳ್ಳು ಹೇಳಿಕೆಯನ್ನು ದೊಡ್ಡಕ್ಷರದಲ್ಲಿ ಬರೆದು ಪಕ್ಕದಲ್ಲಿ ಸಣ್ಣದಾಗಿ 'ತಪ್ಪು' ಎಂದು ಬರೆದರೆ, ತಿಂಗಳಾದ ಮೇಲೆ ನೆನಪಿನಲ್ಲಿ ಉಳಿಯುವುದು ದೊಡ್ಡಕ್ಷರ. ನಿಜವನ್ನು ಮೊದಲು, ದೊಡ್ಡದಾಗಿ ಬರೆಯಿರಿ. ಸುಳ್ಳನ್ನು ಒಮ್ಮೆ ಬಾಯಲ್ಲಿ ಹೇಳಿ. ಯಾಕೆ ಸುಳ್ಳು ಎಂದು ವಿವರಿಸಿ, ಮತ್ತೆ ನಿಜಕ್ಕೆ ಬನ್ನಿ.

ಎಷ್ಟು ಹೊತ್ತು ಬೇಕು

ಹೆಚ್ಚೇನಿಲ್ಲ. 2022ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ತಂಡದ ಅಧ್ಯಯನದಲ್ಲಿ 499 ಪ್ರೌಢಶಾಲಾ ವಿದ್ಯಾರ್ಥಿಗಳು ಇದ್ದರು. 50 ನಿಮಿಷದ ಆರು ಪಾಠಗಳನ್ನು ಅವರ ಮಾಮೂಲಿ ಶಿಕ್ಷಕರೇ ಮಾಡಿದರು, ಪಾಠ ಕೇಳಿದವರು ಕೇಳದವರಿಗಿಂತ ಸ್ಪಷ್ಟವಾಗಿ ಮುಂದೆ ಹೋದರು. ಒಟ್ಟು ಐದು ಗಂಟೆ. ನಾವು ಹಂಚುವುದಾದರೆ ಹೀಗೆ: ಮೊದಲ ಅವಧಿ ಪುಟ ಬಿಟ್ಟು ಹೊರಬರುವುದಕ್ಕೆ, ಎರಡನೆಯದು ಫಲಿತಾಂಶದ ಪುಟ ಓದುವುದಕ್ಕೆ, ಮೂರನೆಯದು ವಿಕಿಪೀಡಿಯಕ್ಕೆ ಮತ್ತು ಹುಡುಕುಪದಗಳಿಗೆ, ನಾಲ್ಕನೆಯದು ಚಿತ್ರಕ್ಕೆ, ಐದನೆಯದು ಚಾಕೊಲೇಟಿಗೆ, ಆರನೆಯದು ನಿಜ ಸುಳ್ಳು ಬೆರೆಸಿದ ಹತ್ತು ಪೋಸ್ಟುಗಳಿಗೆ. ಆರನ್ನೂ ಒಂದೇ ವಾರದಲ್ಲಿ ಮುಗಿಸಬೇಡಿ. ಎರಡು ಮೂರು ವಾರಕ್ಕೊಂದರಂತೆ, ವಿಜ್ಞಾನಕ್ಕೆ ಒಂದು, ಸಮಾಜಕ್ಕೆ ಒಂದು, ಭಾಷೆಗೆ ಒಂದು ಎಂದು ಸೇರಿಸಿದರೆ ಇದು ಕಂಪ್ಯೂಟರ್ ಪೀರಿಯಡ್ಡಿನ ಪಾಠವಾಗಿ ಮೂಲೆ ಸೇರುವುದಿಲ್ಲ.

ಪ್ರತಿ ಪೋಸ್ಟಿಗೂ ಗಡಿಯಾರ ಇಡಿ, ಎರಡು ನಿಮಿಷ. ಇಪ್ಪತ್ತು ನಿಮಿಷ ಹಿಡಿಯುವ ಪರೀಕ್ಷೆಯನ್ನು ಶಾಲೆಯ ಹೊರಗೆ ಯಾವ ಮಗುವೂ ಮಾಡುವುದಿಲ್ಲ. ಎರಡು ನಿಮಿಷದಲ್ಲಿ ಉತ್ತರ ಸಿಗದಿದ್ದರೆ 'ಗೊತ್ತಾಗಲಿಲ್ಲ, ಮುಂದಕ್ಕೆ ಕಳಿಸುವುದಿಲ್ಲ' ಎಂಬುದನ್ನು ಪೂರ್ಣ ಅಂಕದ ಉತ್ತರವೆಂದೇ ಎಣಿಸಿ, ಏನು ಹುಡುಕಿದೆ ಎಂದು ಬರೆದಿದ್ದರೆ.

ಮತ್ತೆ, ಸಾಧ್ಯವಾದರೆ ಒಂದು ಪೋಸ್ಟನ್ನು ಮಕ್ಕಳೇ ತರಲಿ, ಅದರ ಉತ್ತರ ನಿಮಗೂ ಮೊದಲೇ ಗೊತ್ತಿರಬಾರದು. ಪರದೆಯನ್ನು ಎಲ್ಲರಿಗೂ ಕಾಣುವಂತೆ ಹಾಕಿ, ನೀವು ಹುಡುಕುತ್ತ ಮನಸ್ಸಿನಲ್ಲಿ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತ ಹೋಗಿ: 'ಇದು ಅವರದೇ ತಾಣ, ಬಿಟ್ಟೆ. ಈ ಪದ ಸರಿಯಿಲ್ಲ, ಬದಲಿಸುತ್ತೇನೆ. ಇದು ಹಳೆಯದು.' ನೀವು ತಪ್ಪು ಲಿಂಕ್ ಒತ್ತುತ್ತೀರಿ, ವಾಪಸ್ ಬರುತ್ತೀರಿ. ಆ ವಾಪಸ್ ಬರುವುದನ್ನು ಮಕ್ಕಳು ನೋಡಲಿ.